ಅವರೆಕಾಳು ಹಿತುಕುತ್ತಾ ನಾನು ಕೇಳಿದ ಪ್ರಶ್ನೆ

2013ರ ಜನವರಿ. ಸಂಕ್ರಾಂತಿ ಕಳೆದು ಎರಡೋ ಮೂರೋ ದಿನ ಆಗಿತ್ತು. ಅಡುಗೆಮನೆ ನೆಲದ ಮೇಲೆ ನಾನೂ ನನ್ನ ತಂಗಿಯೂ ಕೂತು, ಹಿಂದಿನ ರಾತ್ರಿ ನೆನೆಹಾಕಿದ್ದ ಅವರೆಕಾಳು ಹಿತುಕುತ್ತಿದ್ದೆವು. ಮಧ್ಯದಲ್ಲಿ ಬೇಳೆಗೆ ಒಂದು ಪಾತ್ರೆ, ಪಕ್ಕದಲ್ಲಿ ಸಿಪ್ಪೆಗೆ ಮೊರ. ಹಾಲ್‌ನಲ್ಲಿ ಟಿವಿ ಓಡುತ್ತಿತ್ತು. ದೆಹಲಿಯ ಬಸ್ಸಿನಲ್ಲಿ ಆ ಹುಡುಗಿಗೆ ಆದದ್ದು ಡಿಸೆಂಬರ್ 16ಕ್ಕೆ, ಇನ್ನೂ ತಿಂಗಳು ಆಗಿತ್ತಷ್ಟೆ, ಎಲ್ಲ ಚಾನೆಲ್‌ನಲ್ಲೂ ಅದೇ. ನಾನು ಆ ಹುಡುಗಿಗಾಗಿ ಅತ್ತಿದ್ದೆ, ಫೇಸ್‌ಬುಕ್ಕಿನಲ್ಲಿ ಉದ್ದುದ್ದ ಬರೆದಿದ್ದೆ, ಆಫೀಸಿನವರ ಜೊತೆ ಮೇಣದಬತ್ತಿ ಹಿಡಿದು ನಿಂತೂ ಬಂದಿದ್ದೆ.

ತಂಗಿಗೆ ಆಗ 23. ಬೆಂಗಳೂರಲ್ಲಿ ಕೆಲಸ, ಪಿಜಿಯಲ್ಲಿ ವಾಸ, ಹಬ್ಬಕ್ಕೆ ಬಂದವಳು ಯಾಕೋ ವಾಪಸ್ ಹೋಗುವ ಮಾತೇ ಎತ್ತಿರಲಿಲ್ಲ. ತಲೆ ಎತ್ತದೆ, ಕಾಳು ಹಿತುಕುತ್ತಲೇ, "ಅಕ್ಕಾ, ನಿಂಗೊಂದು ಹೇಳ್ಬೇಕಿತ್ತು" ಅಂದಳು. ಹೇಳಿದಳು. ನಾಲ್ಕೋ ಐದೋ ವಾಕ್ಯ, ಅಷ್ಟೇ. ಯಾರು ಅಂತಲೂ ಹೇಳಿದಳು. ನಮ್ಮ ಮನೆಗೆ ಬಂದು ಹೋಗುವ ಮನುಷ್ಯ. ಮದುವೆ, ನಾಮಕರಣ ಅಂದರೆ ಮುಂದೆ ನಿಂತು ಓಡಾಡುವವನು. ನಾವೆಲ್ಲ ಬಹುವಚನ ಕೊಟ್ಟು ಮಾತಾಡಿಸುವವನು.

ನನ್ನ ಬಾಯಿಂದ ಬಂದ ಮೊದಲ ಮಾತು: "ಅವ್ರಾ? ಅವ್ರು ಅಂಥೋರಲ್ವಲ್ಲ ಕಣೇ."

ಎರಡನೆಯದು: "ಅಷ್ಟೊತ್ತಲ್ಲಿ ನೀನ್ಯಾಕೆ ಅವ್ರ ಮನೆಗೆ ಹೋದೆ?"

ಮೂರನೆಯದು: "ಅಮ್ಮಂಗೆ ಮಾತ್ರ ಹೇಳ್ಬೇಡ. ತಡ್ಕೊಳಲ್ಲ ಅವಳು."

ತಂಗಿ "ಹೂಂ" ಅಂದಳು. ಅವಳ ಬೆರಳು ನಿಲ್ಲಲೇ ಇಲ್ಲ. ಒಂದು ಕಾಳು ತಗೊಳ್ಳೋದು, ತುದಿ ಒತ್ತೋದು, ಬೇಳೆ ಪಾತ್ರೆಗೆ, ಸಿಪ್ಪೆ ಮೊರಕ್ಕೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ, "ಇಷ್ಟು ಸಾಕಾ ಸಾರಿಗೆ?" ಅಂತ ಕೇಳಿದಳು. ಸಾಕು ಅಂದೆ. ವಿಷಯ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಇದನ್ನು ಬರೆಯಲು ಅವಳ ಒಪ್ಪಿಗೆ ಇದೆ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಅವಳೇ ಓದಿ ಎರಡು ಕಡೆ ತಿದ್ದಿ ಕೊಟ್ಟಿದ್ದಾಳೆ. ಅವಳಿಗೆ ಆ ರಾತ್ರಿ ಏನಾಯಿತು ಅನ್ನುವುದು ಇಲ್ಲಿ ಇರುವುದಿಲ್ಲ, ಅದು ಅವಳದು. ನಾನು ಬರೆಯುತ್ತಿರುವುದು ಆಮೇಲಿನದ್ದನ್ನು, ಅಂದರೆ ನಾವು ಮಾಡಿದ್ದನ್ನು.

ಆಮೇಲೆ ಆದದ್ದು ಹೀಗೆ. ಅದೇ ವರ್ಷ ಮೇ ತಿಂಗಳಲ್ಲಿ ನೆಂಟರ ಮನೆಯ ಗೃಹಪ್ರವೇಶ. ಪಂಕ್ತಿಯಲ್ಲಿ ಅವನೂ ಕೂತಿದ್ದ. ತಂಗಿಯ ಕೈಗೆ ಹೋಳಿಗೆ ತಟ್ಟೆ ಕೊಟ್ಟಿದ್ದರು. ಅವಳು ಆ ಸಾಲಿಗೆ ಬರದೆ ಆ ಕಡೆಯಿಂದಲೇ ತಿರುಗಿ ಹೋಗುತ್ತಿದ್ದುದನ್ನು ಕಂಡು ಅಮ್ಮ, "ಏಯ್, ಇಲ್ಲಿ ಬಾರೇ, ಇವ್ರಿಗೆ ಇನ್ನೊಂದು ಬಡ್ಸು, ಕೇಳೋಕೆ ಸಂಕೋಚ ಪಡ್ತಾರೆ" ಅಂತ ಕೂಗಿದರು. ನಾನು ಎರಡು ಎಲೆ ಆಚೆ ಪಲ್ಯ ಬಡಿಸುತ್ತಿದ್ದೆ. ತಂಗಿ ನನ್ನನ್ನು ನೋಡಿದಳು. ನಾನು ಬಗ್ಗಿ ಪಲ್ಯ ಬಡಿಸಿದೆ. ಅವಳು ಬಂದು ಅವನ ಎಲೆಗೆ ಹೋಳಿಗೆ ಹಾಕಿ, ಮೇಲೆ ತುಪ್ಪ ಹಾಕಿದಳು. ಅವನು "ಸಾಕಮ್ಮ, ಸಾಕು" ಅಂದ. ಆಮೇಲೆ ಹಿತ್ತಲಲ್ಲಿ ಡ್ರಮ್ಮಿನ ನೀರು ಮೊಗೆದು ಮೊಗೆದು ಅವಳು ಕೈ ತೊಳೆಯುತ್ತಾ ನಿಂತಿದ್ದಳು. ಅನ್ನ ಬಡಿಸೋರಿಲ್ಲ ಅಂತ ನಾನೇ ಹೋಗಿ ಕರೆದೆ. ಬಂದಳು.

ಅದಾದ ಮೇಲಿನ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಅವಳಿಗೆ ಸಿಡುಕಿ ಅನ್ನುವ ಹೆಸರು ಬಂತು. ಲೈಟ್ ಹಾಕಿಕೊಂಡೇ ಮಲಗುತ್ತಾಳೆ ಅಂತ ಪಿಜಿಯಲ್ಲಿ ರೂಮ್‌ಮೇಟ್ ಜಗಳ ಆಡಿದಳು. ರಾತ್ರಿ ಮೂರು ಸಲ ಎದ್ದು ಚಿಲಕ ಮುಟ್ಟಿ ನೋಡುತ್ತಿದ್ದಳು. ಮೈ ಇಳಿದು ಹೋದಾಗ "ಡಯಟ್ ಮಾಡ್ತಿದ್ದೀಯಾ, ಚೆನ್ನಾಗಿ ಕಾಣ್ತೀಯ" ಅಂದವರಿದ್ದರು. ಒಳ್ಳೆ ಕೆಲಸ ಬಿಟ್ಟಳು. ಬಂದ ಸಂಬಂಧಗಳನ್ನೆಲ್ಲ ಬೇಡ ಅಂದಾಗ "ಓದಿಸಿದ್ದೇ ಜಾಸ್ತಿ ಆಯ್ತು" ಅಂತ ಅಮ್ಮ ಬೈದರು. ಪಾಪ, ಅಮ್ಮನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಈ ಎರಡನ್ನು ಒಂದಕ್ಕೊಂದು ಸೇರಿಸಿ ನೋಡಲೇ ಇಲ್ಲ. ಅದು ಆಗಿ ಹೋಗಿದ್ದು, ಇದು ಅವಳ ಸ್ವಭಾವ, ಅಂತ ಬೇರೆ ಬೇರೆ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ್ದೆ.

2019ರಲ್ಲಿ ಅವಳು ಒಬ್ಬ ಆಪ್ತಸಮಾಲೋಚಕಿಯ ಹತ್ತಿರ ಹೋಗಲು ಶುರು ಮಾಡಿದಳು. ಅದೂ ನಮ್ಮಿಂದ ಅಲ್ಲ, ಅವಳ ಆಫೀಸಿನ ಗೆಳತಿಯಿಂದ. ನಿದ್ದೆ ಬಾರದ ರಾತ್ರಿಗಳಲ್ಲಿ ತಲೆಯೊಳಗೆ ಯಾವ್ಯಾವ ಮಾತು ಸುತ್ತುತ್ತವೋ ಅವನ್ನು ಹಾಗ್ಹಾಗೇ ಬರೆದುಕೊಂಡು ಬಾ ಅಂತ ಅವರು ಹೇಳಿದ್ದರಂತೆ. ಒಂದು ಭಾನುವಾರ ನಮ್ಮ ಮನೆಗೆ ಬಂದವಳು ಬ್ಯಾಗಿನಿಂದ ಒಂದು ಲಾಂಗ್‌ಬುಕ್ ತೆಗೆದು ನನ್ನ ಮುಂದೆ ಇಟ್ಟಳು. ಒಂದೇ ಪುಟ. 11 ವಾಕ್ಯ. ಪೆನ್ನು ಎಷ್ಟು ಒತ್ತಿ ಬರೆದಿದ್ದಳೆಂದರೆ ಪುಟದ ಹಿಂಬದಿಯಲ್ಲಿ ಅಕ್ಷರಗಳು ಉಬ್ಬಿ ಕೈಗೆ ತಾಗುತ್ತಿದ್ದವು.

ಅದರಲ್ಲಿ ಎರಡು ಮಾತು ಅವನವು. ಉಳಿದ ಒಂಬತ್ತೂ ನಮ್ಮವು. ಒಂದು ಆ ರೂಮ್‌ಮೇಟ್‌ದು, ಒಂದು ಅವಳು ಹೊಟ್ಟೆನೋವು ಅಂತ ಹೋಗಿದ್ದ ಡಾಕ್ಟರ್‌ದು, ಅಮ್ಮನ "ಬಡ್ಸು" ಅನ್ನುವುದೂ ಇತ್ತು. ಮೇಲಿಂದ ಒಂದು, ಎರಡು, ಮೂರು ನನ್ನವು. ಇಸವಿಯೂ ಮರೆತಿದ್ದ ನನ್ನ ಮಾತುಗಳು, ನಾನು ಆಡಿದ ಹಾಗೆಯೇ, "ಕಣೇ" ಸಮೇತ.

ನಾನು ಏನೋ ಹೇಳಲು ಹೋದೆ. ಅವಳು ತಡೆದು ಹೇಳಿದ ಮಾತು ಇದು: "ಅವನ ಮಾತು ನೆನಪಾದ್ರೆ ಸಿಟ್ಟು ಬರತ್ತೆ ಅಕ್ಕ. ನಿನ್ನ ಮಾತು ನೆನಪಾದ್ರೆ ಸಿಟ್ಟು ಬರಲ್ಲ, ಹೌದಲ್ವಾ ಅನ್ಸತ್ತೆ."

ಈ ಮಾತಿನಿಂದ ನಾನು ಇನ್ನೂ ಹೊರಗೆ ಬಂದಿಲ್ಲ. ಕೆಡುಕು ಮಾಡಿದವನು ಬೈದರೆ ಮನಸ್ಸು ಎದುರು ನಿಲ್ಲುತ್ತದೆ. ಅಕ್ಕ ಕೇಳಿದರೆ, ಅಮ್ಮ ಕೇಳಿದರೆ, ಗೆಳತಿ ಕೇಳಿದರೆ ಎದುರು ನಿಲ್ಲುವುದಿಲ್ಲ, ನಂಬಿಬಿಡುತ್ತದೆ. ನಮ್ಮನ್ನು ನಂಬಿದ್ದಕ್ಕೇ ಅಲ್ವಾ ಅವರು ನಮಗೆ ಹೇಳಿದ್ದು? ಅದೇ ನಂಬಿಕೆಯ ದಾರಿಯಲ್ಲೇ ನಮ್ಮ ಪ್ರಶ್ನೆಯೂ ಒಳಗೆ ಹೋಗಿ ಕೂರುತ್ತದೆ. ಆಮೇಲೆ ಅದು ನಮ್ಮ ದನಿಯಲ್ಲಿ ಅಲ್ಲ, ಅವರದೇ ದನಿಯಲ್ಲಿ ಕೇಳಲು ಶುರುವಾಗುತ್ತದೆ.

ಆ ಭಾನುವಾರದ ನಂತರ ನಾನು ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅಪರಾಧಿ ಭಾವದಿಂದಲೇ ಓದಿದ್ದು, ಮುಚ್ಚಿಡುವುದೇನಿಲ್ಲ. ಅಮೆರಿಕದಲ್ಲಿ ಸಾರಾ ಉಲ್ಮನ್ ಅನ್ನುವ ಸಂಶೋಧಕಿ ಇದೇ ವಿಷಯವನ್ನು ದಶಕಗಳಿಂದ ನೋಡುತ್ತಾ ಬಂದಿದ್ದಾರೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಅದನ್ನು ಯಾರಿಗಾದರೂ ಹೇಳಿದಾಗ ಕೇಳಿದವರು ಹೇಗೆ ನಡೆದುಕೊಂಡರು ಅಂತ ಅಳೆಯಲು 2000ದಲ್ಲಿ ಒಂದು ಪ್ರಶ್ನಾವಳಿಯನ್ನೇ ಮಾಡಿದರು. ಅದರಲ್ಲಿ ನೋವು ಮಾಡುವ ಪ್ರತಿಕ್ರಿಯೆಗಳ ಬಗೆಗಳನ್ನು ಓದುವಾಗ ನನಗೆ ನಮ್ಮ ಮನೆಯ ಹಾಲ್, ಅಡುಗೆಮನೆ ಎಲ್ಲ ಕಣ್ಣಮುಂದೆ ಬಂತು. ತಪ್ಪು ಹೊರಿಸುವುದು ಒಂದು ಬಗೆ, ಅದು ಎಲ್ಲರಿಗೂ ಗೊತ್ತು. "ಹೋಗ್ಲಿ ಬಿಡು, ಅದನ್ನೇ ಯೋಚ್ನೆ ಮಾಡ್ಬೇಡ, ಮರ್ತುಬಿಡು" ಅಂತ ಮಾತು ತಿರುಗಿಸುವುದೂ ಅದೇ ಪಟ್ಟಿಯಲ್ಲಿದೆ. ಅವರ ಪರವಾಗಿ ನಾವೇ ಎಲ್ಲ ತೀರ್ಮಾನ ಮಾಡಿಬಿಡುವುದು, ಗಾಜಿನ ಗೊಂಬೆಯ ಹಾಗೆ ಬೇರೆಯಾಗಿ ನೋಡುವುದು, ಇವೂ ಇವೆ. ಇನ್ನೊಂದು, ನಮ್ಮ ದುಃಖ, ನಮ್ಮ ಸಿಟ್ಟೇ ದೊಡ್ಡದಾಗಿ ಅವರೇ ನಮ್ಮನ್ನು ಸಮಾಧಾನ ಮಾಡುವ ಹಾಗೆ ಮಾಡುವುದು.

ಈ ಕೊನೆಯದು ನಮ್ಮ ಮನೆಯಲ್ಲಿ ಆಯಿತು. ಬಹಳ ವರ್ಷ ಆದ ಮೇಲೆ ತಮ್ಮನಿಗೆ ವಿಷಯ ಗೊತ್ತಾದಾಗ "ಅವನನ್ನ ಕಡಿದು ಹಾಕ್ತೀನಿ" ಅಂತ ಬೈಕ್ ಕೀ ತಗೊಂಡು ಎದ್ದ. ಆ ಇಡೀ ರಾತ್ರಿ ತಂಗಿ ಅವನ ಕೈ ಹಿಡಿದುಕೊಂಡು, ನೀರು ಕೊಟ್ಟು, "ಬೇಡ ಕಣೋ, ನಾನು ಚೆನ್ನಾಗಿದ್ದೀನಿ ನೋಡು" ಅಂತ ಹೇಳುತ್ತಾ ಕೂತಿದ್ದಳು. ಅವನ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಆದರೆ ಆ ರಾತ್ರಿ ಅವಳ ಬಗ್ಗೆ ಕೇಳಿದವರು ಯಾರೂ ಇಲ್ಲ.

2019ರಲ್ಲೇ ಎಮಿಲಿ ಡ್ವರ್ಕಿನ್ ಅನ್ನುವವರು ಉಲ್ಮನ್ ಜೊತೆ ಸೇರಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಹಾಕಿ ನೋಡಿದರು. ಕೆಟ್ಟ ಪ್ರತಿಕ್ರಿಯೆ ಜಾಸ್ತಿ ಸಿಕ್ಕವರಲ್ಲಿ ಖಿನ್ನತೆ, ಆಘಾತದ ಲಕ್ಷಣಗಳು ಇಂಥವೂ ಜಾಸ್ತಿ ಇದ್ದವು. ಆದರೆ ಒಳ್ಳೆಯ ಪ್ರತಿಕ್ರಿಯೆಗಳಿಗೆ ಅಷ್ಟೇ ಸ್ಪಷ್ಟವಾಗಿ ಎದುರು ಪರಿಣಾಮ ಕಾಣಲಿಲ್ಲ. ಇದನ್ನು ನಾನು ಎರಡು ಸಲ ಓದಿದೆ. ಅಂದರೆ ಹತ್ತು ಜನ ಒಳ್ಳೆಯ ಮಾತಾಡಿದರೂ ಒಬ್ಬ ಅಕ್ಕನ ಪ್ರಶ್ನೆ ಅಳಿಸಿ ಹೋಗುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಕರ್ಟ್ನಿ ಅಹ್ರೆನ್ಸ್ ಅನ್ನುವವರು 2006ರಲ್ಲಿ ಎಂಟು ಹೆಂಗಸರ ಅನುಭವ ಬರೆದರು. ಎಲ್ಲರೂ ಅತ್ಯಾಚಾರದ ನಂತರ ಬಾಯಿಬಿಟ್ಟು ಹೇಳಿದ್ದವರು, ಕೇಳಿದವರ ಪ್ರತಿಕ್ರಿಯೆ ನೋಡಿ ಮತ್ತೆ ಬಾಯಿ ಮುಚ್ಚಿದವರು. ಎಂಟೇ ಜನ, ಸಣ್ಣ ಅಧ್ಯಯನ. ನನಗೆ ಒಂಬತ್ತನೆಯವಳು ಗೊತ್ತು.

ಈಗ "ಯಾಕೆ ಕಿರುಚಲಿಲ್ಲ" ಅನ್ನುವ ಪ್ರಶ್ನೆಗೆ ಬರುತ್ತೇನೆ, ಯಾಕಂದರೆ ಆ ಪುಟದ ನಾಲ್ಕನೇ ವಾಕ್ಯ ಅದು. ಸ್ಟಾಕ್‌ಹೋಮ್‌ನಲ್ಲಿ ಅತ್ಯಾಚಾರಕ್ಕೆ ಒಳಗಾದವರಿಗಾಗಿಯೇ ಒಂದು ತುರ್ತು ಚಿಕಿತ್ಸಾಲಯ ಇದೆ. ಘಟನೆ ಆಗಿ ಒಂದು ತಿಂಗಳೊಳಗೆ ಅಲ್ಲಿಗೆ ಬಂದ 298 ಹೆಂಗಸರನ್ನು ಮಾತಾಡಿಸಿದ ಅಧ್ಯಯನ 2017ರಲ್ಲಿ ಬಂತು. ಅವರಲ್ಲಿ ನೂರಕ್ಕೆ 70 ಜನರಿಗೆ ಆ ಹೊತ್ತಲ್ಲಿ ಮೈ ಕಲ್ಲಾಗಿತ್ತು. ಕೈ ಎತ್ತೋಣ ಅಂದರೆ ಕೈ ಏಳುವುದಿಲ್ಲ, ಕೂಗೋಣ ಅಂದರೆ ಗಂಟಲಿಂದ ದನಿ ಬರುವುದಿಲ್ಲ. ನೂರಕ್ಕೆ 48 ಜನರಲ್ಲಿ ಅದು ತೀರಾ ಜಾಸ್ತಿ ಇತ್ತು. ಹುಲಿ ಬಾಯಿಗೆ ಸಿಕ್ಕ ಜಿಂಕೆ ಸತ್ತ ಹಾಗೆ ಬೀಳುತ್ತದಲ್ಲ, ಮೈ ಅದೇ ಕೆಲಸ ಮಾಡುತ್ತದೆ, ಮನಸ್ಸನ್ನು ಕೇಳಿ ಮಾಡುವುದಿಲ್ಲ. ಇದು ನನ್ನ ತಂಗಿಗೆ ಗೊತ್ತಿರಲಿಲ್ಲ. ಸುಮ್ನೆ ಬಿದ್ದಿದ್ದೆನಲ್ಲ, ಹಾಗಾದರೆ ನಾನೂ ಒಪ್ಪಿದ ಹಾಗೇ ಅಲ್ವಾ ಅಂತ ಆರು ವರ್ಷ ತನ್ನನ್ನು ತಾನೇ ಕೇಳಿಕೊಂಡಿದ್ದಳು. ಆ ಅಧ್ಯಯನದಲ್ಲೇ ಇನ್ನೊಂದು ಮಾತಿದೆ, ಹೀಗೆ ಮೈ ಕಲ್ಲಾದವರಲ್ಲೇ ಆರು ತಿಂಗಳ ಮೇಲೆ ಆಘಾತದ ಕಾಯಿಲೆ, ತೀವ್ರ ಖಿನ್ನತೆ ಜಾಸ್ತಿ ಕಂಡವು. ಅಂದರೆ ಯಾರಿಗೆ ಎಲ್ಲಕ್ಕಿಂತ ಹೆಚ್ಚು ಆಸರೆ ಬೇಕೋ ಅವರನ್ನೇ ನಾವು "ಕೂಗಬಹುದಿತ್ತಲ್ಲ" ಅಂತ ಕೇಳುವುದು.

ನಾನು ಕೇಳಿದ್ದು ಯಾಕೆ? ಅವಳನ್ನು ನೋಯಿಸಬೇಕು ಅಂತ ಖಂಡಿತ ಅಲ್ಲ. ತುಂಬಾ ಯೋಚನೆ ಮಾಡಿದ್ದೇನೆ. ಅವಳು ಅವನ ಹೆಸರು ಹೇಳಿದ ಕೂಡಲೇ ನನಗೆ ಆದದ್ದು ಭಯ. ಅವನು ಅಂಥವನಾದರೆ ನಮ್ಮ ಮನೆಗೆ ಬರುವ ಉಳಿದವರೂ ಅಂಥವರಾಗಿರಬಹುದು, ಹಾಗಾದರೆ ನಾನೂ ಸುರಕ್ಷಿತವಾಗಿಲ್ಲ. ಆದರೆ ಅವಳು ಏನೋ ತಪ್ಪು ಮಾಡಿದ್ದಳು, ಹೊತ್ತಲ್ಲದ ಹೊತ್ತಲ್ಲಿ ಹೋಗಿದ್ದಳು ಅಂತಾದರೆ ನಾನು ಆ ತಪ್ಪು ಮಾಡದೆ ಇದ್ದರೆ ಸಾಕು, ನನಗೇನೂ ಆಗುವುದಿಲ್ಲ. ಮೆಲ್ವಿನ್ ಲರ್ನರ್ ಅನ್ನುವ ಮನೋವಿಜ್ಞಾನಿ 1966ರಲ್ಲೇ ಇದನ್ನು ತೋರಿಸಿದ್ದರು. ಒಬ್ಬ ಹುಡುಗಿಗೆ ಕರೆಂಟ್ ಶಾಕ್ ಕೊಡುತ್ತಿದ್ದಾರೆ ಅಂತ ನಂಬಿಸಿ ಬೇರೆ ಹುಡುಗಿಯರಿಗೆ ಅದನ್ನು ನೋಡಲು ಹೇಳಿದರು. ಅದನ್ನು ನಿಲ್ಲಿಸುವ ದಾರಿ ತಮ್ಮ ಕೈಯಲ್ಲಿ ಇಲ್ಲ ಅಂತಾದಾಗ ನೋಡುತ್ತಿದ್ದವರು ಶಾಕ್ ತಿನ್ನುವವಳ ಬಗ್ಗೆಯೇ ಹಗುರವಾಗಿ ಮಾತಾಡಲು ಶುರು ಮಾಡಿದರು. ಲೋಕದಲ್ಲಿ ಸುಮ್ಮಸುಮ್ಮನೆ ಯಾರಿಗೂ ಕೆಟ್ಟದಾಗುವುದಿಲ್ಲ ಅನ್ನುವ ನಂಬಿಕೆ ಉಳಿಸಿಕೊಳ್ಳಲು ನಾವು ಕೊಡುವ ಬೆಲೆ ಅದು. ನಮ್ಮಲ್ಲಿ ಇದಕ್ಕೆ ಮಾತೇ ಇದೆಯಲ್ಲ, "ಬೆಂಕಿ ಇಲ್ಲದೆ ಹೊಗೆ ಆಡತ್ತಾ" ಅಂತ.

ಇನ್ನು, "ಅವ್ರು ಅಂಥೋರಲ್ಲ" ಅನ್ನುವುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರ್ಷ ವರ್ಷ ಕೊಡುವ ಲೆಕ್ಕದಲ್ಲಿ ಅತ್ಯಾಚಾರದ ನೂರಕ್ಕೆ 90ಕ್ಕಿಂತ ಜಾಸ್ತಿ ಪ್ರಕರಣಗಳಲ್ಲಿ ಆರೋಪಿ ಗೊತ್ತಿರುವವನೇ. ನೆಂಟ, ಪಕ್ಕದ ಮನೆಯವನು, ಗೆಳೆಯ, ಕೆಲಸ ಕೊಟ್ಟವನು. ಕತ್ತಲ ಓಣಿಯಲ್ಲಿ ಬರುವ ಅಪರಿಚಿತನ ವಿರುದ್ಧ ನಾನು ಮೇಣದಬತ್ತಿ ಹಿಡಿದು ಬಂದಿದ್ದೆ. ಹೋಳಿಗೆ ತಿನ್ನಲು ಬರುವವನ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ.

ಇನ್ನೊಂದು ವಿಷಯ ನನಗೆ ತೀರಾ ಈಚೆಗೆ ಹೊಳೆಯಿತು. ನಾವು ಬೇರೆ ಯಾರದೋ ಪ್ರಕರಣದ ಬಗ್ಗೆ ಮಾತಾಡುತ್ತೇವಲ್ಲ, ಟಿವಿ ಮುಂದೆ, ವಾಟ್ಸಾಪ್ ಗ್ರೂಪಿನಲ್ಲಿ, ಕಾಫಿ ಕುಡಿಯುತ್ತಾ, ಆಗ ಅದನ್ನು ಕೇಳಿಸಿಕೊಳ್ಳುತ್ತಾ ಕೂತವರಲ್ಲಿ ಒಬ್ಬಳು ತನ್ನದನ್ನು ಇನ್ನೂ ಯಾರಿಗೂ ಹೇಳದವಳು ಇರಬಹುದು. ಹೇಳಲೋ ಬೇಡವೋ ಅಂತ ಅವಳು ನಿರ್ಧರಿಸುವುದು ಅಲ್ಲೇ. 2020ರ ಜೂನ್‌ನಲ್ಲಿ ನಮ್ಮ ರಾಜ್ಯದ ಹೈಕೋರ್ಟು ಒಂದು ನಿರೀಕ್ಷಣಾ ಜಾಮೀನು ಆದೇಶದಲ್ಲಿ, ಅತ್ಯಾಚಾರದ ನಂತರ ಆಯಾಸವಾಗಿ ನಿದ್ದೆ ಬಂತು ಅಂತ ಹೇಳುವುದು ಭಾರತೀಯ ಹೆಣ್ಣಿಗೆ ತಕ್ಕದ್ದಲ್ಲ ಅಂತ ಬರೆಯಿತು. ಆ ಸಾಲನ್ನು ಆಮೇಲೆ ಆದೇಶದಿಂದ ತೆಗೆದುಹಾಕಿದರು. ತಂಗಿ ಅದನ್ನು ಪೇಪರಿನಲ್ಲಿ ಓದಿ ನನಗೆ ಫೋನ್ ಮಾಡಿ ಕೇಳಿದ್ದು ಒಂದೇ, "ನಾನೂ ಅವತ್ತು ನಿದ್ದೆ ಮಾಡಿದ್ದೆ ಅಕ್ಕ. ಅದು ತಪ್ಪಾ?"

2021ರ ಆಗಸ್ಟ್‌ನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ಕಡೆ ಒಬ್ಬ ವಿದ್ಯಾರ್ಥಿನಿಯ ಮೇಲೆ ಗುಂಪು ಅತ್ಯಾಚಾರ ಆದಾಗ ಅಂದಿನ ಗೃಹ ಸಚಿವರು, ಅಂಥ ನಿರ್ಜನ ಜಾಗಕ್ಕೆ ಅವರು ಹೋಗಬಾರದಿತ್ತು ಅಂದರು. ಮೈಸೂರು ವಿಶ್ವವಿದ್ಯಾಲಯ ಸಂಜೆ 6.30ರ ಮೇಲೆ ಹುಡುಗಿಯರು ಕುಕ್ಕರಹಳ್ಳಿ ಕೆರೆ ಕಡೆ ಹೋಗಬಾರದು ಅಂತ ಸುತ್ತೋಲೆ ಹೊರಡಿಸಿ, ಜನ ಸಿಟ್ಟಾದ ಮೇಲೆ ವಾಪಸ್ ಪಡೆಯಿತು. ಅದೇ ವರ್ಷ ಡಿಸೆಂಬರ್ 16ಕ್ಕೆ, ದೆಹಲಿಯ ಘಟನೆಗೆ ಸರಿಯಾಗಿ ಒಂಬತ್ತು ವರ್ಷ ತುಂಬಿದ ದಿನ, ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ, ಹಿಂದೆ ಸ್ಪೀಕರ್ ಆಗಿದ್ದ ಹಿರಿಯ ಶಾಸಕರೊಬ್ಬರು ಅತ್ಯಾಚಾರ ತಪ್ಪಿಸಲು ಆಗದಿದ್ದರೆ ಮಲಗಿ ಸುಖಪಡು ಅನ್ನುವ ಅರ್ಥದ ಮಾತಾಡಿದರು. ಪೀಠದಲ್ಲಿದ್ದವರು ನಕ್ಕರು. ಮರುದಿನ ಕ್ಷಮೆ ಬಂತು ನಿಜ. ಆದರೆ ಆ ನಗು ಎಲ್ಲರ ಮನೆಯ ಹಾಲ್‌ಗೂ ಬಂದು ಆಗಿತ್ತಲ್ಲ. ನಮ್ಮ ಮನೆಯಲ್ಲಿ ತಂಗಿ ಎದ್ದು ಟಿವಿ ಆರಿಸಿದಳು.

ಆಮೇಲೆ 2024ರ ಏಪ್ರಿಲ್, ಹಾಸನದ ಪೆನ್‌ಡ್ರೈವ್‌ಗಳು. ಅದನ್ನು ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ. ಹೆಂಗಸರ ಮೇಲಿನ ಲೈಂಗಿಕ ದೌರ್ಜನ್ಯದ್ದು ಎನ್ನಲಾದ, ಅವರ ಮುಖ ಮರೆಮಾಡದ ವಿಡಿಯೋಗಳು ಊರೂರಿಗೆ, ಫೋನಿಂದ ಫೋನಿಗೆ ಹೋದವು. ಕಳಿಸಿದವರಲ್ಲಿ ನಮ್ಮ ನಿಮ್ಮಂಥವರೇ ಇದ್ದರು, "ಅಯ್ಯೋ ನೋಡಿ ಎಂಥ ಅನ್ಯಾಯ" ಅಂತ ಬರೆದೇ ಮುಂದಕ್ಕೆ ಒತ್ತಿದವರು. ಸಂತ್ರಸ್ತೆಯ ಗುರುತು ಬಯಲು ಮಾಡುವುದು ಅಪರಾಧ, ಎರಡು ವರ್ಷದವರೆಗೆ ಜೈಲು. ಹಿಂದೆ ಭಾರತೀಯ ದಂಡ ಸಂಹಿತೆಯ 228ಎ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 72. ಆದರೆ ನಾನು ಹೇಳುತ್ತಿರುವುದು ಕಾನೂನಲ್ಲ. ಆ ಹೆಂಗಸರಿಗೂ ಒಂದು ಕಿರಾಣಿ ಅಂಗಡಿ ಇರುತ್ತದೆ, ಮಕ್ಕಳನ್ನು ಬಿಡಲು ಹೋಗುವ ಶಾಲೆ ಗೇಟ್ ಇರುತ್ತದೆ, ಊರ ಜಾತ್ರೆ ಇರುತ್ತದೆ. ಅಲ್ಲಿ ಎದುರು ಸಿಗುವ ಪ್ರತಿಯೊಬ್ಬರೂ ನೋಡಿದ್ದಾರೋ ಇಲ್ಲವೋ ಅಂತ ಅವರು ದಿನಾ ಲೆಕ್ಕ ಹಾಕಬೇಕು. ಆ ಪ್ರಕರಣಗಳಲ್ಲಿ ಒಂದರಲ್ಲಿ, ಮನೆಗೆಲಸ ಮಾಡುತ್ತಿದ್ದ ಹೆಂಗಸೊಬ್ಬರು ಕೋರ್ಟಿನಲ್ಲಿ ನಿಂತು ಸಾಕ್ಷಿ ಹೇಳಿದರು. ಮಾಜಿ ಸಂಸದ ಪ್ರಜ್ವಲ್ ರೇವಣ್ಣನಿಗೆ ವಿಚಾರಣಾ ನ್ಯಾಯಾಲಯ 2025ರ ಆಗಸ್ಟ್ 2ರಂದು ಜೀವಾವಧಿ ಶಿಕ್ಷೆ ವಿಧಿಸಿತು. ಆ ಹೆಂಗಸಿನ ಪಕ್ಕ ಯಾರು ನಿಂತರೋ, ರಾತ್ರಿ ಅವರ ಜೊತೆ ಯಾರು ಮಾತಾಡಿದರೋ, ಅವರಿಗೆಲ್ಲ ಕೈಮುಗಿಯಬೇಕು ಅನಿಸುತ್ತದೆ.

ತಂಗಿ ಪೊಲೀಸರ ಹತ್ತಿರ ಹೋಗಿಲ್ಲ. ಅದು ಅವಳ ತೀರ್ಮಾನ. ತಡವಾಗಿ ದೂರು ಕೊಟ್ಟರು ಅನ್ನುವುದೊಂದೇ ಕಾರಣಕ್ಕೆ ಹೆಣ್ಣುಮಗಳ ಮಾತನ್ನು ಅನುಮಾನಿಸಬಾರದು ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ, ಮನೆ ಮರ್ಯಾದೆಯ ಯೋಚನೆಯಲ್ಲಿ ತಡವಾಗುವುದು ಸಹಜ ಅಂತ. ಇದನ್ನು ಅವಳಿಗೆ ಒಂದು ಸಲ ಹೇಳಿದ್ದೇನೆ. ಎರಡನೇ ಸಲ ಹೇಳಿಲ್ಲ. "ನೀನು ಸುಮ್ನಿದ್ರೆ ಅವನು ಇನ್ನೊಬ್ಬರಿಗೆ ಮಾಡ್ತಾನೆ" ಅಂತ ಅವಳಿಗೆ ಒಬ್ಬರು ಹೇಳಿದ್ದರು. ಅವನು ಮುಂದೆ ಮಾಡಬಹುದಾದ ಪಾಪವನ್ನೂ ಅವಳ ತಲೆಗೇ ಕಟ್ಟಿದ ಹಾಗಾಯಿತು. ಆ ಮಾತೂ ಆ ಪುಟದಲ್ಲಿದೆ, ಒಂಬತ್ತನೆಯದು.

ಗಂಡಸರಿಗೂ ಆಗುತ್ತದೆ. ಅವರು ಹೇಳಿದರೆ ಮೊದಲು ಬರುವುದು ನಗು. ಈಗಿನ ನ್ಯಾಯ ಸಂಹಿತೆಯಲ್ಲಿ ಅತ್ಯಾಚಾರಕ್ಕೆ ಒಳಗಾದ ವಯಸ್ಕ ಗಂಡಸಿಗೆ ಅಂತ ಒಂದು ಕಲಮೂ ಇಲ್ಲ, ಅಂಥ ದೂರಿಗೆ ಬಳಸಬಹುದಾಗಿದ್ದ ಹಳೆಯ 377ನೇ ಕಲಂ ಕೂಡ ಹೋಯಿತು. ಅವರ ನೋವಿಗೆ ಹೆಸರೇ ಇಲ್ಲದ ಹಾಗಾಗಿದೆ. ಅದರ ಬಗ್ಗೆ ಅನುಭವ ಇರುವವರು ಬರೆಯಬೇಕು.

ಹಾಗಾದರೆ ಏನು ಹೇಳಬೇಕು ಅಂತ ಕೇಳುವವರಿಗೆ ಆ ಆಫೀಸಿನ ಗೆಳತಿಯ ಕಥೆ ಹೇಳುತ್ತೇನೆ. ಒಂದು ಮಧ್ಯಾಹ್ನ ಮೀಟಿಂಗ್ ಮಧ್ಯೆ ತಂಗಿಗೆ ಉಸಿರು ಕಟ್ಟಿದ ಹಾಗಾಗಿ ಎದ್ದು ಹೊರಗೆ ಹೋದಳಂತೆ. ಈ ಹುಡುಗಿ ಹಿಂದೆಯೇ ಬಂದು ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತಳು. ಏನಾಯ್ತು ಅಂತ ಕೇಳಲಿಲ್ಲ. ಸುಮಾರು ಹೊತ್ತು ಕೂತೇ ಇದ್ದಳು. ತಂಗಿ ತಾನಾಗಿಯೇ ಹೇಳಿದಳು. ಎಲ್ಲ ಕೇಳಿಸಿಕೊಂಡು ಆ ಹುಡುಗಿ, "ನಾನು ನಂಬ್ತೀನಿ. ನೀನು ಹೇಳಿದ್ದು ಒಳ್ಳೇದಾಯ್ತು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಈಗ ನಿಂಗೆ ಒಳಗೆ ಹೋಗ್ಬೇಕಾ, ಮನೆಗೆ ಹೋಗ್ಬೇಕಾ, ಇಲ್ಲ ಏನಾದ್ರೂ ತಿನ್ನೋಣ್ವಾ?" ಅಂತ ಕೇಳಿದಳು. ಇಬ್ಬರೂ ಹೋಗಿ ತಟ್ಟೆ ಇಡ್ಲಿ ತಿಂದರು. ತಂಗಿ ಎರಡು ಪ್ಲೇಟ್ ತಿಂದಳಂತೆ. ಮುಂದಿನ ವಾರ ಆಪ್ತಸಮಾಲೋಚಕಿಯ ನಂಬರ್ ಕೊಟ್ಟು, "ಬೇಕು ಅನ್ಸಿದ್ರೆ ಮಾಡು, ನಾನೂ ಬರ್ಲಿ ಅಂದ್ರೆ ಬರ್ತೀನಿ" ಅಂದಳು. ಅಷ್ಟೇ. ಅವಳೇನೂ ಮನಶ್ಶಾಸ್ತ್ರ ಓದಿದವಳಲ್ಲ, ಪೇರೋಲ್ ವಿಭಾಗದಲ್ಲಿ ಕೆಲಸ.

ಅವಳು ಕೇಳಿದ ಆ ಮೂರು ಆಯ್ಕೆಯ ಪ್ರಶ್ನೆ ಎಷ್ಟು ದೊಡ್ಡದು ಅಂತ ನನಗೆ ಮೊದಲು ಅರ್ಥವಾಗಲಿಲ್ಲ. ತನ್ನ ಮೈ ಮೇಲೆಯೇ ತನ್ನ ಮಾತು ನಡೆಯದೆ ಹೋದವಳಿಗೆ, ಮುಂದಿನ ಅರ್ಧ ಗಂಟೆ ಏನು ಮಾಡಬೇಕು ಅಂತ ನೀನೇ ಹೇಳು ಅಂತ ಒಬ್ಬರು ಕೇಳಿದ್ದು ಅದು. ಪೊಲೀಸಿಗೆ ಹೋಗೋಣ ಅಂತ ಎಳೆದುಕೊಂಡು ಹೋಗುವುದೂ, ಯಾರಿಗೂ ಹೇಳಬೇಡ ಅಂತ ಬಾಯಿ ಕಟ್ಟುವುದೂ, ಎರಡೂ ಆ ಮಾತನ್ನು ಮತ್ತೆ ಕಿತ್ತುಕೊಳ್ಳುತ್ತವೆ.

ಯಾರಾದರೂ ನಿಮ್ಮ ಹತ್ತಿರ ಈಗಷ್ಟೇ ಹೇಳಿದ್ದರೆ ಇಷ್ಟು ತಿಳಿದಿರಿ. ಯಾವುದೇ ಆಸ್ಪತ್ರೆ, ಸರ್ಕಾರಿಯಾಗಲಿ ಖಾಸಗಿಯಾಗಲಿ, ತಕ್ಷಣ ಪುಕ್ಕಟೆ ಚಿಕಿತ್ಸೆ ಕೊಡಲೇಬೇಕು. ಮೊದಲು ಎಫ್‌ಐಆರ್ ತನ್ನಿ ಅನ್ನುವ ಹಾಗಿಲ್ಲ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ತುರ್ತಿಗೆ 112, ಹೆಂಗಸರ ಸಹಾಯವಾಣಿ 181. ಜಿಲ್ಲೆಗಳಲ್ಲಿ, ದೌರ್ಜನ್ಯಕ್ಕೆ ಒಳಗಾದ ಹೆಂಗಸರಿಗೆ ಬೇಕಾದ ನೆರವು ಒಂದೇ ಕಡೆ ಸಿಗುವ ಸಖಿ ಕೇಂದ್ರಗಳಿವೆ. ಮನಸ್ಸಿನ ವಿಷಯಕ್ಕೆ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಕೊಡಿ, ಜೊತೆಗೆ ಬರಲಾ ಅಂತ ಕೇಳಿ, ಅವರು ಬೇಡ ಅಂದರೆ ಬೇಡ.

ನಮ್ಮ ಹಾಗೆ ಮೊದಲೇ ತಪ್ಪು ಮಾಡಿ ಆಗಿದ್ದರೆ? ನಾನು ಆ ಭಾನುವಾರ ಕ್ಷಮೆ ಕೇಳಿದೆ. ಮೊದಲು ಅಳುತ್ತಾ ಕೇಳಿದೆ, ಅವಳು ನನ್ನ ಬೆನ್ನು ಸವರಿದಳು, ಅಂದರೆ ಮತ್ತೆ ಅದೇ ಆಯಿತು. ಒಂದು ವಾರ ಬಿಟ್ಟು ಅಳದೆ ಕೇಳಿದೆ. "ಅವತ್ತು ನಾನು ಕೇಳಿದ್ದು ತಪ್ಪು. ನೀನು ಎಷ್ಟೊತ್ತಿಗೆ ಎಲ್ಲಿಗೆ ಹೋಗಿದ್ರೂ ಅದು ಅವನ ತಪ್ಪು" ಅಂತ, ಪೂರ್ತಿ ವಾಕ್ಯವಾಗಿ. ಅವಳು "ಇನ್ನೊಂದ್ಸಲ ಹೇಳು" ಅಂದಳು. ಹೇಳಿದೆ. ಈಗಲೂ ಒಮ್ಮೊಮ್ಮೆ ರಾತ್ರಿ ಫೋನ್ ಮಾಡಿ "ಆ ವಾಕ್ಯ ಹೇಳಕ್ಕ" ಅನ್ನುತ್ತಾಳೆ. ಹೇಳಿ ಇಡುತ್ತೇನೆ.

ಈ ವರ್ಷ ತಮ್ಮನ ಮದುವೆ ಗೊತ್ತಾಯಿತು. ಆ ಮನುಷ್ಯ ಬಂದೇ ಬರುತ್ತಾನೆ ಅಂತ ತಂಗಿ ಮದುವೆಗೆ ಬರುವುದಿಲ್ಲ ಅಂದಳು. ಅಮ್ಮನಿಗೆ ಹೇಳಲಾ ಅಂತ ಕೇಳಿದೆ. ಎರಡು ದಿನ ಯೋಚನೆ ಮಾಡಿ, "ನೀನೇ ಹೇಳು, ನನ್ ಕೈಲಿ ಆಗಲ್ಲ" ಅಂದಳು.

ಅಮ್ಮ ನಡುಮನೆಯಲ್ಲಿ ಕೂತು ಲಗ್ನಪತ್ರಿಕೆ ಹಂಚುವ ಪಟ್ಟಿ ಬರೆಯುತ್ತಿದ್ದರು. ಹೇಳಿದೆ, ತಂಗಿ ಅವತ್ತು ನನಗೆ ಹೇಳಿದಷ್ಟೇ ವಾಕ್ಯಗಳಲ್ಲಿ. ಅಮ್ಮ ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕೂತರು. "ಆ ಗೃಹಪ್ರವೇಶದಲ್ಲಿ ನಾನೇ ಅಲ್ವಾ ಬಡ್ಸು ಅಂದಿದ್ದು" ಅಂದರು. ನಾನು ಮಾತಾಡಲಿಲ್ಲ. ಆಮೇಲೆ ಪಟ್ಟಿಯಲ್ಲಿ ಅವನ ಮನೆಯವರ ಹೆಸರು ಹುಡುಕಿ, ಅದರ ಮೇಲೆ ಗೆರೆ ಎಳೆದರು, ಒಂದು ಸಲ ಅಲ್ಲ, ಹೆಸರು ಕಾಣದ ಹಾಗೆ. ಸಂಜೆ ಅಪ್ಪ ನೋಡಿ, ಇದೇನು, ಇವ್ರನ್ನ ಬಿಟ್ರೆ ನೆಂಟರೆಲ್ಲ ಏನಂತಾರೆ ಅಂತ ಶುರು ಮಾಡಿದಾಗ ಅಮ್ಮ ತಲೆ ಎತ್ತದೆ, "ಅಂದ್ಕೊಳ್ಲಿ. ಈ ಮನೆ ಹೊಸ್ತಿಲು ಅವನು ತುಳಿಯೋ ಹಾಗಿಲ್ಲ" ಅಂದರು.

ರಾತ್ರಿ ತಂಗಿಗೆ ಫೋನ್ ಮಾಡಿ ಹೇಳಿದೆ. "ಅಮ್ಮ ನಿಜವಾಗ್ಲೂ ಹಾಗಂದ್ರಾ?" ಅಂತ ಕೇಳಿದಳು. ಹೌದು ಅಂದೆ. "ನಾನ್ಯಾಕೆ ಹೋಗಿದ್ದೆ ಅಂತ ಕೇಳಿಲ್ವಾ?" ಇಲ್ಲ ಅಂದೆ. ಸ್ವಲ್ಪ ಹೊತ್ತು ಬರೀ ಅವಳ ಕಡೆಯ ಫ್ಯಾನಿನ ಸದ್ದು ಕೇಳುತ್ತಿತ್ತು.

"ಮದುವೆಗೆ ಎರಡು ದಿನ ಮುಂಚೆನೇ ಬರ್ತೀನಿ ಬಿಡು" ಅಂದಳು. "ಹೂವು ಕಟ್ಟೋಕೆ ಯಾರಾದ್ರೂ ಬೇಕಲ್ಲ."